ಆಪರೇಷನ್ನಿಗೆ ಮೊದಲಿನ ಎರಡು ದಿನ

ನನ್ನ ತಂಗಿಯ ಗಂಟಲಲ್ಲಿ ಗಡ್ಡೆ ಬೆಳೆದಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದ ವಾರದಲ್ಲಿ ನಾನು ಕಂಪ್ಯೂಟರ್ ಕಲಿಯಲು ಕೂತೆ. ಆಗ ನನಗೆ ನಲವತ್ತಮೂರು, ಅವಳಿಗೆ ಮೂವತ್ತಾರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಸಾಗರದ ಒಂದು ಮಂಡಿಯಲ್ಲಿ ಇಪ್ಪತ್ತು ವರ್ಷದಿಂದ ಅಡಿಕೆ ಆರಿಸುವ ಕೆಲಸ. ಅವಳು ಹೊಸನಗರದ ಸಣ್ಣದೊಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವಳು. ಅಪ್ಪ ಅಮ್ಮ ತೀರಿಕೊಂಡು ತುಂಬಾ ವರ್ಷವಾಗಿದೆ. ಇಬ್ಬರಿಗೂ ಮದುವೆ ಆಗಲಿಲ್ಲ. ಸಾಗರದಲ್ಲಿ ಒಂದು ಟೈಲರ್ ಅಂಗಡಿಯ ಹಿಂದೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು.

ಆಪರೇಷನ್ ಆದ ಮೇಲೆ ಅವಳಿಗೆ ಮಾತು ಬರುವುದಿಲ್ಲ ಎನ್ನುವುದು ಖಚಿತವಾಗಿತ್ತು. ಅವಳು ಅತ್ತಿದ್ದು ಒಂದೇ ದಿನ. ಎರಡನೇ ದಿನ ತೀರ್ಥಹಳ್ಳಿಗೆ ಫೋನ್ ಮಾಡಿದಳು. ಅಲ್ಲಿ ಅವಳ ಜೊತೆ ಮೊದಲು ಪಾಠ ಹೇಳುತ್ತಿದ್ದವರೊಬ್ಬರು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದರು. ಮೇಳಿಗೆ ಊರಿನ ಕಡೆಯವರು, ಒಳ್ಳೆಯವರು. ಮನುಷ್ಯರ ಧ್ವನಿಯನ್ನು ಮೊದಲೇ ತುಂಬಿಸಿಟ್ಟುಕೊಂಡರೆ, ಆಮೇಲೆ ಏನು ಬರೆದರೂ ಕಂಪ್ಯೂಟರು ಅದನ್ನು ಅದೇ ಧ್ವನಿಯಲ್ಲಿ ಓದುವ ಹಾಗೆ ಮಾಡಬಹುದಂತೆ. ಹಾಗೆ ಮಾಡಿಕೊಡುವ ಜನ ಅವರಿಗೆ ಗೊತ್ತಿದ್ದರು. "ನಾನೂರು ವಾಕ್ಯ ಆದ್ರೂ ಬೇಕು. ಒಂದೊಂದು ವಾಕ್ಯ ಒಂದೊಂದು ಫೈಲಲ್ಲಿ ಇರ್ಬೇಕು," ಎಂದರಂತೆ.

ಆಪರೇಷನ್ನಿಗೆ ಇಪ್ಪತ್ತೈದು ದಿನ ಇತ್ತು. ಅವಳು ಮಾತಾಡಬೇಕು, ಇನ್ನೊಬ್ಬರು ಯಂತ್ರ ನೋಡಿಕೊಳ್ಳಬೇಕು. ಓದುತ್ತಾ ಕೀಲಿ ಒತ್ತಿದರೆ ಆ ಸದ್ದೂ ಒಳಗೆ ಹೋಗುತ್ತದೆ. ಹಾಗಾಗಿ ನಾನು ಕಲಿಯಲೇಬೇಕಾಯಿತು.

ಅವಳ ಲ್ಯಾಪ್‌ಟಾಪ್ ಕೇಂದ್ರದಲ್ಲಿ ಮೂಲೆಗೆ ಬಿದ್ದಿದ್ದ ಹಳೆಯದು. ಬ್ಯಾಟರಿ ಸತ್ತುಹೋಗಿತ್ತು, ಪ್ಲಗ್ ಹಾಕಿದರೆ ಮಾತ್ರ ನಡೆಯುತ್ತಿತ್ತು. ಬೇರೆ ಯಾವುದೂ ಅದರಲ್ಲಿ ಓಡುವುದಿಲ್ಲವೆಂದು ಲಿನಕ್ಸ್ ಎಂಬ ವ್ಯವಸ್ಥೆ ಹಾಕಿದ್ದಳು. ಚಿತ್ರ, ಬಾಣದ ಗುರುತು ಏನೂ ಇರಲಿಲ್ಲ. ಕಪ್ಪು ಪರದೆ, ಅದರ ಎಡಗಡೆ ಮಿಣಮಿಣ ಎನ್ನುವ ಒಂದು ಗೆರೆ, ಅಷ್ಟೇ. ಅದಕ್ಕೆ ಶೆಲ್ ಎನ್ನುತ್ತಾರೆ ಅಂದಳು. ನಾವು ಒಂದು ಸಾಲು ಬರೆದು ಎಂಟರ್ ಒತ್ತಿದರೆ ಅದು ಓದಿ ಕೆಲಸ ಮಾಡುತ್ತದೆ.

"ಮೊದ್ಲು ನೀ ಎಲ್ಲಿದ್ದೀಯ ಅಂತ ಗೊತ್ತಿರ್ಬೇಕು. ಪಿಡಬ್ಲ್ಯುಡಿ ಅಂತ ಹೊಡಿ."

"ಎಂತದೆ ಅದು, ರಸ್ತೆ ಮಾಡೋರಾ?"

"ರಸ್ತೆ ಮಾಡೋರಲ್ಲ ಮಾರಾಯ್ತಿ, ರಸ್ತೆ ಎಲ್ಲಿದೆ ಅಂತ ಹೇಳೋರು."

ಅವಳು ನಕ್ಕಳು, ನಕ್ಕಿದ್ದಕ್ಕೆ ಕೆಮ್ಮು ಬಂತು. ಧ್ವನಿ ಆಗಲೇ ಒಡೆದಿತ್ತು. ಒಣಗಿದ ಅಡಿಕೆ ಹಾಳೆ ಎಳೆದ ಹಾಗೆ ಕೇಳುತ್ತಿತ್ತು. ಆದರೂ ಅವಳದೇ ಧ್ವನಿ. ಕಣ್ಣು ಮುಚ್ಚಿದರೂ ಗೊತ್ತಾಗುವಂಥದ್ದು.

ಇಂಗ್ಲಿಷ್ ಅಕ್ಷರ ನನಗೆ ಬರುತ್ತಿತ್ತು, ಆದರೆ ಕೀಲಿಮಣೆಯ ಮೇಲೆ ಹುಡುಕಬೇಕಾಗಿತ್ತು. ಎಲ್ ಎಸ್ ಎಂದು ಹೊಡೆದರೆ ಒಳಗೆ ಇರುವುದೆಲ್ಲ ಪಟ್ಟಿಯಾಗಿ ಬರುತ್ತದೆ. ಸಿಡಿ ಅಂದರೆ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವುದು. ಎಂಕೆಡಿಐಆರ್ ಅಂದರೆ ಹೊಸ ಫೋಲ್ಡರ್ ಮಾಡುವುದು. ಫೋಲ್ಡರಿನ ಹೆಸರು ಪಟ್ಟಿಯಲ್ಲಿ ನೀಲಿಯಾಗಿ ಕಾಣುತ್ತದೆ, ಫೈಲಿನ ಹೆಸರು ಬಿಳಿ. ಸಿಪಿ ಅಂದರೆ ಒಂದರ ಹಾಗೆ ಇನ್ನೊಂದು ಮಾಡಿಡುವುದು. ಎಂವಿ ಅಂದರೆ ಎತ್ತಿ ಬೇರೆ ಕಡೆ ಹಾಕುವುದು. ಮೇಲಿನ ಬಾಣದ ಕೀಲಿ ಒತ್ತಿದರೆ ಹಿಂದೆ ಹೊಡೆದ ಸಾಲು ಮತ್ತೆ ಬರುತ್ತದೆ, ಪೂರಾ ಹೊಡೆಯುವ ಕಷ್ಟ ಇಲ್ಲ. ಇದನ್ನೆಲ್ಲ ನಾನು ಮಂಡಿಯಲ್ಲಿ ಕೊಟ್ಟ ಹಳೆಯ ಡೈರಿಯೊಂದರಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಅಳಿಸುವುದನ್ನು ಅವಳು ಹೇಳಿಕೊಡಲಿಲ್ಲ.

"ಅದೊಂದು ನಿಂಗೆ ಬೇಡ ಅಕ್ಕ. ಇದರಲ್ಲಿ ಕಸದ ಬುಟ್ಟಿ ಇಲ್ಲ. ಹೋದ್ರೆ ಹೋಯ್ತು."

ನನಗೆ ಮೊದಮೊದಲು ತಲೆಬಿಸಿ ಮಾಡಿದ್ದು ಅದರ ಮೌನ. ಏನಾದರೂ ಹೊಡೆದು ಎಂಟರ್ ಒತ್ತಿದರೆ ಏನೂ ಹೇಳದೆ ಮತ್ತೆ ಆ ಗೆರೆ ಮಿಣುಕುತ್ತಿತ್ತು.

"ಆಯ್ತೋ ಇಲ್ವೋ ಹೇಳ್ಬಾರ್ದಾ ಇದಕ್ಕೆ?"

"ಆಯ್ತು ಅಂದ್ರೆ ಅದು ಎಂತದೂ ಹೇಳಲ್ಲ. ತಪ್ಪಾದ್ರೆ ಮಾತ್ರ ಬಯ್ಯುತ್ತೆ."

"ನಮ್ಮ ಮಂಡಿ ಸಾಹುಕಾರ್ರ ಹಾಗೆ."

"ಹಾಂ, ಅದೇ. ಸುಮ್ನೆ ಇದ್ರೆ ಸರಿಯಾಗಿದೆ ಅಂತ ತಿಳ್ಕೊ."

ಇಪ್ಪತ್ತು ದಿನ ಬೆಳಿಗ್ಗೆ ನಾನು ಮಂಡಿಗೆ ಹೋಗುವ ಮೊದಲು ಕೂರುತ್ತಿದ್ದೆವು. ಅವಳು ಧ್ವನಿ ಹಿಡಿಯುವುದಕ್ಕೆ ಒಂದು ಪುಟ್ಟ ಆಜ್ಞೆ ಮಾಡಿಟ್ಟಿದ್ದಳು. ಆರ್ ಎಂದು ಹೊಡೆದು ಒಂದು ಸಂಖ್ಯೆ ಕೊಟ್ಟರೆ ಧ್ವನಿ ಹಿಡಿದು ಆ ಸಂಖ್ಯೆಯ ಹೆಸರಿನಲ್ಲಿ ಫೈಲು ಮಾಡುತ್ತಿತ್ತು. ನಾನು ಒತ್ತಿ ಕೈ ಎತ್ತಿದರೆ ಅವಳು ಓದಬೇಕು. ವಾಕ್ಯಗಳನ್ನು ಅವಳೇ ಬರೆದುಕೊಂಡಿದ್ದಳು. ಬಸ್ಸು ಎಷ್ಟು ಹೊತ್ತಿಗೆ. ನನಗೆ ಅನ್ನ ಸಾಕು. ಇವತ್ತು ಮೂರನೇ ಪಾಠ, ಎಲ್ಲರೂ ಪರದೆ ನೋಡಿ. ಚಿಲ್ಲರೆ ಇಲ್ಲ ಅಂದರೆ ನಾನೇನು ಮಾಡಲಿ. ಒಂದು ದಿನ ಪೂರಾ ಬೈಗುಳ ಓದಿದಳು.

"ಇದೆಲ್ಲ ಎಂತಕ್ಕೆ? ಗಂಟಲು ನೋವಲ್ವನೆ?"

"ಆಟೋದವರ ಹತ್ರ ಜಗಳ ಆಡೋದು ಹೆಂಗೆ ಮತ್ತೆ? ಅಲ್ಲಿ ನಿನ್ನನ್ನ ಕರ್ಕೊಂಡು ಹೋಗಕ್ಕಾಗುತ್ತಾ, ನೀ ಕೇಳಿದಷ್ಟು ಕೊಟ್ಟು ಬರ್ತೀಯ."

ಕೊನೆಯ ದಿನ ನಾನೂರ ಹನ್ನೆರಡಕ್ಕೆ ಬಂದು ನಿಂತೆವು. ಆ ಕೊನೆಯದು ಕೆಟ್ಟಿತು. ಅರ್ಧ ಓದುವಾಗ ಕೆಮ್ಮು ಬಂದು ನಿಲ್ಲಿಸಿದಳು. ನಾನೂರ ಹನ್ನೊಂದು ಸಾಕು, ಇದೊಂದನ್ನು ಆಮೇಲೆ ತೆಗೆದರಾಯಿತು ಎಂದು ಮುಚ್ಚಿಟ್ಟೆವು.

ಆಪರೇಷನ್ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ. ತಪಾಸಣೆಗಳಿಗೆಂದು ನಾಲ್ಕು ದಿನ ಮೊದಲೇ ಸೇರಿಸಿಕೊಂಡರು. ನಮ್ಮ ಚಿಕ್ಕಮ್ಮ ಜೊತೆಗೆ ಹೋದರು. ನಾನು ಮಂಡಿಯಲ್ಲಿ ರಜೆ ಹೇಳಿ, ಧ್ವನಿಯನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ, ದಾರಿಯಲ್ಲಿ ತೀರ್ಥಹಳ್ಳಿಯಲ್ಲಿ ಇಳಿದು ಕೊಟ್ಟು, ಅಲ್ಲಿಂದ ಆಗುಂಬೆ ಮೇಲೆ ಆಸ್ಪತ್ರೆಗೆ ಹೋಗುವುದು ಎಂದು ಮಾತಾಗಿತ್ತು. ಅವಳು ಹೊರಡುವಾಗ ಒಂದು ಹಾಳೆಯಲ್ಲಿ ಮೂರು ಸಾಲು ಬರೆದುಕೊಟ್ಟಳು. ಮೊದಲ ಸಾಲು, ಧ್ವನಿ ಎಂಬ ಹೆಸರಿನ ಫೋಲ್ಡರ್ ಮಾಡು. ಎರಡನೆಯದು, ಸಿಪಿ ಹಾಕಿ ನಕ್ಷತ್ರದ ಗುರುತು ಕೊಟ್ಟು ಎಲ್ಲವನ್ನೂ ಒಂದೇ ಸಲ ಅದಕ್ಕೆ ಹಾಕು. ಮೂರನೆಯದು, ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಸಿಪಿ ಮಾಡು.

"ಮೂರೇ ಸಾಲು. ಇದನ್ನ ನೋಡ್ಕೊಂಡೇ ಹೊಡಿ. ನಿನ್ನ ತಲೆ ಓಡ್ಸಬೇಡ."

"ಹೋಗೆ, ನಂಗೇನು ಬರಲ್ವ?"

ಈ ಮಾತನ್ನು ನಾನು ಸುಮ್ಮನೆ ಹೇಳಿರಲಿಲ್ಲ. ಇಪ್ಪತ್ತು ದಿನದಲ್ಲಿ ನನಗೆ ಒಂದು ಹುರುಪು ಬಂದಿತ್ತು. ಏಳನೇ ಕ್ಲಾಸಿನವಳು, ಅವಳ ಕೇಂದ್ರದ ಡಿಗ್ರಿ ಹುಡುಗಿಯರು ಹೆದರುವ ಕಪ್ಪು ಪರದೆಯ ಮುಂದೆ ಕೂತು ಕೆಲಸ ಮಾಡಿದ್ದೆ. ಅವಳಿಲ್ಲದೆ, ಅವಳ ಹಾಳೆ ಇಲ್ಲದೆ ಮಾಡಿ ತೋರಿಸಬೇಕು ಅನಿಸಿತು.

ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಲ್ಯಾಪ್‌ಟಾಪ್ ತೆರೆದೆ. ಹಾಳೆಯನ್ನು ಪಕ್ಕದಲ್ಲಿಟ್ಟು ಅದರ ಮೇಲೆ ಕಾಫಿ ಲೋಟ ಇಟ್ಟೆ.

ಮಂಡಿಯಲ್ಲಿ ನಾವು ಕೂರುವ ರೀತಿಯನ್ನು ಇಲ್ಲಿ ಹೇಳಬೇಕು. ಚೀಲ ಸುರಿದರೆ ಎದುರು ಕಲಬೆರಕೆ ಅಡಿಕೆ. ಒಂದೊಂದನ್ನೇ ನೋಡಿ ಕೈಗೆ ಸಿಕ್ಕಿದ ಹಾಗೆ ಒಳ್ಳೆಯದು ಈ ಕಡೆ, ಬಿರಿದದ್ದು ಆ ಕಡೆ, ಕರಿದಾದದ್ದು ಇನ್ನೊಂದು ಕಡೆ ಹಾಕುತ್ತೇವೆ. ಗುಡ್ಡೆ ಮಾಡುವುದಕ್ಕೆ ಮೊದಲು ಗುಡ್ಡೆಗೆ ಅಂತ ಯಾರೂ ಏನೂ ಇಡುವುದಿಲ್ಲ. ಒಂದು ಅಡಿಕೆ ಬಿದ್ದ ಕಡೆ ಎರಡನೆಯದು ಹಾಕಿದರೆ ಅದೇ ಗುಡ್ಡೆ. ಮುಷ್ಟಿ ತುಂಬಾ ಎತ್ತಿ ಒಟ್ಟಿಗೆ ಹಾಕುವವಳನ್ನು ಸಾಹುಕಾರರು ಎರಡನೇ ದಿನ ಕರೆಯುವುದಿಲ್ಲ. ಮತ್ತೆ, ಆರಿಸಿದ ಅಡಿಕೆ ಎದುರಿನ ರಾಶಿಯಲ್ಲಿ ಉಳಿಯಬಾರದು. ಎದುರು ಖಾಲಿಯಾದರೆ ಕೆಲಸ ಮುಗಿಯಿತು ಎಂದು ಲೆಕ್ಕ.

ನಾನು ಹಾಗೆಯೇ ಮಾಡಿದೆ. ಫೋಲ್ಡರ್ ಮಾಡಲಿಲ್ಲ, ಮೊದಲನೆಯದನ್ನು ಹಾಕಿದರೆ ಅದೇ ಆಗುತ್ತದೆ ಅಂದುಕೊಂಡೆ. ನಕ್ಷತ್ರ ಹಾಕಲಿಲ್ಲ, ಅವಳ ಧ್ವನಿಯನ್ನು ಮುಷ್ಟಿ ತುಂಬಾ ಎತ್ತಿ ಸುರಿಯುವುದು ಬೇಡ, ಒಂದೊಂದಾಗಿ ಇಡೋಣ ಅಂದುಕೊಂಡೆ. ಸಿಪಿ ಬಿಟ್ಟು ಎಂವಿ ಹೊಡೆದೆ, ಯಾಕೆಂದರೆ ಹಾಕಿದ್ದೂ ಹಾಕದಿದ್ದೂ ಎರಡೂ ಕಡೆ ಕಂಡರೆ ಎಲ್ಲಿಯವರೆಗೆ ಆಯಿತು ಎಂದು ತಿಳಿಯುವುದು ಹೇಗೆ?

ಎಂವಿ, ಒಂದು, ಧ್ವನಿ. ಎಂಟರ್. ಅದು ಏನೂ ಹೇಳಲಿಲ್ಲ.

ಎಲ್ ಎಸ್ ಹೊಡೆದು ನೋಡಿದೆ. ಪಟ್ಟಿಯಲ್ಲಿ ಒಂದು ಎಂಬ ಫೈಲು ಇರಲಿಲ್ಲ, ಧ್ವನಿ ಇತ್ತು. ಬಿಳಿ ಬಣ್ಣದಲ್ಲಿ ಇತ್ತು. ಅದನ್ನು ನಾನು ನೋಡಿದೆ. ನೀಲಿ ಆಗಬೇಕಿತ್ತಲ್ಲ ಎಂದು ನೆನಪೂ ಆಯಿತು. ತುಂಬಿದ ಮೇಲೆ ನೀಲಿ ಆಗುತ್ತದೇನೋ ಅಂದುಕೊಂಡು ಮುಂದೆ ಹೋದೆ. ಲೋಟ ಎತ್ತಿದ್ದರೆ ಹಾಳೆ ಕೆಳಗೇ ಇತ್ತು.

ಎಂವಿ, ಎರಡು, ಧ್ವನಿ. ಎಂಟರ್. ಏನೂ ಹೇಳಲಿಲ್ಲ. ಮೇಲಿನ ಬಾಣ, ಸಂಖ್ಯೆ ತಿದ್ದು, ಎಂಟರ್. ಮೇಲಿನ ಬಾಣ, ಸಂಖ್ಯೆ ತಿದ್ದು, ಎಂಟರ್. ಕೈಗೆ ಒಂದು ಓಟ ಬಂತು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಪಟ್ಟಿ ಸಣ್ಣದಾಗುತ್ತಾ ಬಂದದ್ದನ್ನು ನೋಡಿ ಖುಷಿಯಾಗುತ್ತಿತ್ತು. ಮೂರೂವರೆಗೆ ಎದುರು ಖಾಲಿಯಾಯಿತು. ಧ್ವನಿ ಒಂದೇ ಉಳಿಯಿತು. ಅದನ್ನು ಪೆನ್‌ಡ್ರೈವಿಗೆ ಹಾಕಿ, ಪೆನ್‌ಡ್ರೈವನ್ನು ಕುಂಕುಮದ ಹಳೆಯ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ರವಿಕೆಯೊಳಗೆ ಇಟ್ಟುಕೊಂಡು ಮಾರನೇ ಬೆಳಿಗ್ಗೆ ಬಸ್ಸು ಹತ್ತಿದೆ.

ತೀರ್ಥಹಳ್ಳಿಯ ಅಂಗಡಿಯಲ್ಲಿ ರಿಪೇರಿಯವರು ನನ್ನನ್ನು ಕೂರಿಸಿ ಟೀ ತರಿಸಿದರು. ಪೆನ್‌ಡ್ರೈವ್ ಚುಚ್ಚಿ ನೋಡಿದರು.

"ಅಕ್ಕಾ, ಇದ್ರಲ್ಲಿ ಒಂದೇ ಇದೆಯಲ್ಲ."

"ಒಂದೇ. ಎಲ್ಲಾ ಅದರೊಳಗೇ ಇದೆ."

"ಇದು ಫೋಲ್ಡರ್ ಅಲ್ವಲ್ಲ, ಒಂದು ಫೈಲು." ಅವರು ಅದನ್ನು ಹಾಕಿದರು. ಅಂಗಡಿಯಲ್ಲಿ ನನ್ನ ತಂಗಿಯ ಧ್ವನಿ ಬಂತು. "ನಾಳೆ ಕ್ಲಾಸಿಗೆ ಎಲ್ಲರೂ ನೋಟ್‌ಬುಕ್..." ಆಮೇಲೆ ಕೆಮ್ಮು. ಆಮೇಲೆ, "ಥೂ, ಇದು ಸರಿ ಬರ್ಲಿಲ್ಲ ಅಕ್ಕ. ನಿಲ್ಸು." ಮುಗಿಯಿತು. ಒಂಬತ್ತು ಸೆಕೆಂಡು.

ಏನಾಗಿದೆ ಎಂದು ನನಗೆ ಆ ಕ್ಷಣದಲ್ಲೇ ತಿಳಿಯಿತು ಎನ್ನಲಾರೆ. ಆದರೆ ಆ ಬಿಳಿ ಬಣ್ಣ ಕಣ್ಣ ಮುಂದೆ ಬಂತು.

"ಇದೆಂಗಾಯ್ತು?" ಅವರು ತಮಗೆ ತಾವೇ ಎನ್ನುವ ಹಾಗೆ ಹೇಳಿದರು. "ಫೋಲ್ಡರ್ ಇಲ್ದೆ ಒಂದೇ ಹೆಸರಿಗೆ ಹಾಕ್ತಾ ಹೋದ್ರೆ ಒಂದರ ಮೇಲೊಂದು ಬಿದ್ದು ಹಿಂದಿನದು ಹೋಗ್ತಾ ಹೋಗುತ್ತೆ. ಕೊನೇದು ಮಾತ್ರ ಉಳಿಯುತ್ತೆ. ಹಂಗೇನಾದ್ರೂ ಮಾಡಿದ್ರಾ?" ನನ್ನ ಮುಖ ನೋಡಿ ಗಾಬರಿಯಾಗಿರಬೇಕು. "ಏ, ಹೆದರ್ಕೋಬೇಡಿ. ಕಾಪಿ ತಾನೆ ಮಾಡಿದ್ದು? ಲ್ಯಾಪ್‌ಟಾಪಲ್ಲಿ ಮೂಲ ಹಾಗೇ ಇರುತ್ತಲ್ಲ?"

ಅವರು ಬಾಗಿಲು ತೆರೆದಿಟ್ಟು ನಿಂತ ಹಾಗಿತ್ತು. ನಾನು ಹೇಳಬೇಕಾದದ್ದು ಒಂದೇ ಮಾತು.

"ಹೌದು," ಎಂದೆ. "ಕಾಪಿನೇ ಮಾಡಿದ್ದು."

"ಮತ್ತೆಂತಕ್ಕೆ ಚಿಂತೆ! ಆಪರೇಷನ್ ಮುಗಿಸ್ಕೊಂಡು ಬರುವಾಗ ಲ್ಯಾಪ್‌ಟಾಪೇ ತನ್ನಿ, ನಾನು ತೆಗಿತೀನಿ." ಟೀ ಲೋಟ ನನ್ನ ಕಡೆ ಸರಿಸಿದರು. "ಒಂದು ಕೆಲ್ಸ ಮಾಡಿ ಬೇಕಾದ್ರೆ. ಇನ್ನೂ ಎರಡು ದಿನ ಇದೆಯಲ್ಲ. ಫೋನಲ್ಲೇ ಇನ್ನೊಂದು ನೂರು ವಾಕ್ಯ ಓದಿಸಿ ಕಳ್ಸಿ. ಎಷ್ಟಿದ್ರೂ ಒಳ್ಳೇದೇ."

"ಬೇಡ," ಎಂದೆ. "ಅವಳಿಗೆ ಸುಸ್ತು."

ಫೈಲು ಕಳೆದದ್ದನ್ನು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಅದು ಕೈಯ ತಪ್ಪು. ಓದಿದವರಿಂದಲೂ ಆಗುತ್ತದೆ ಎಂದು ಆಮೇಲೆ ರಿಪೇರಿಯವರೇ ಹೇಳಿದರು. ನಾನು ಬರೆಯುತ್ತಿರುವುದು ಈ 'ಬೇಡ' ಎಂಬ ಮಾತಿಗಾಗಿ, ಆಮೇಲಿನ ಎರಡು ದಿನಕ್ಕಾಗಿ.

ಘಟ್ಟ ಇಳಿಯುವ ಬಸ್ಸಿನಲ್ಲಿ ಹೇಳಬೇಕೆಂದೇ ಇದ್ದೆ. ಹೇಗೆ ಶುರು ಮಾಡುವುದು ಎಂದು ಒಂದೊಂದು ತಿರುವಿಗೆ ಒಂದೊಂದು ಥರ ಯೋಚಿಸಿದೆ. ಆಸ್ಪತ್ರೆಯ ವಾರ್ಡಿಗೆ ಹೋದಾಗ ಅವಳು ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಚಿಕ್ಕಮ್ಮನಿಗೆ ಜಡೆ ಹಾಕುತ್ತಿದ್ದಳು.

"ಕೊಟ್ಯಾ?"

"ಕೊಟ್ಟೆ."

"ಎಲ್ಲಾ ಬಂತಂತಾ?"

"ಬಂತಂತೆ."

ಅವಳ ಮುಖ ಅರಳಿತು. ಚಿಕ್ಕಮ್ಮನ ಕಡೆ ತಿರುಗಿ, "ನೋಡಿದ್ರಾ ಚಿಕ್ಕಮ್ಮ, ನಮ್ಮಕ್ಕ ಪಾಸು," ಎಂದಳು. "ನಮ್ಮ ಕೇಂದ್ರದಲ್ಲಿ ಮೂರು ತಿಂಗ್ಳು ಕೂತವರೂ ಇಷ್ಟು ಕಲಿಯಲ್ಲ."

ಚಿಕ್ಕಮ್ಮ ನನ್ನ ಬೆನ್ನು ತಟ್ಟಿದರು. ಹೇಳುವುದಿದ್ದರೆ ಅದು ಹೊತ್ತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಹೇಳೋಣ. ಸಂಜೆ ಡಾಕ್ಟರು ಬಂದರು. ಬೆಳಿಗ್ಗೆ ಹೇಳೋಣ. ಬೆಳಿಗ್ಗೆ ಅವಳು ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದಳು. ಎಷ್ಟು ದಿನದ ಮೇಲೆ ಅಂಥ ನಿದ್ದೆ ಬಂದಿತ್ತು ಅವಳಿಗೆ. ಆಪರೇಷನ್ನಿಗೆ ಮೊದಲು ಮನಸ್ಸು ಗಟ್ಟಿ ಇರಬೇಕು, ಈಗ ಹೇಳಿದರೆ ಕುಸಿದುಹೋಗುತ್ತಾಳೆ ಎಂದು ಒಂದು ನೆಪ ಸಿಕ್ಕಿತು. ಆ ನೆಪ ಎಷ್ಟು ಚೆನ್ನಾಗಿತ್ತೆಂದರೆ ಸ್ವಲ್ಪ ಹೊತ್ತು ನಾನು ಅದನ್ನು ನಂಬಿದೆ. ನಿಜ ಹೇಳುತ್ತೇನೆ, ಅವಳು ಕುಸಿಯುವುದಕ್ಕಿಂತ ನನಗೆ ಹೆದರಿಕೆ ಇದ್ದದ್ದು, ಪಾಸು ಎಂದು ಹೇಳಿದ ಬಾಯಲ್ಲೇ ಇನ್ನೊಂದು ಮಾತು ಕೇಳಬೇಕಲ್ಲ ಎಂದು.

ಆ ಎರಡು ದಿನ ಅವಳಿಗೆ ಮಾತಿತ್ತು. ಒಡೆದ, ಆದರೆ ಅವಳದೇ ಮಾತು. ನನ್ನ ಕೈಯಲ್ಲಿ ಫೋನ್ ಇತ್ತು. ನೂರಲ್ಲದಿದ್ದರೆ ಐವತ್ತು ವಾಕ್ಯ, ಐವತ್ತಲ್ಲದಿದ್ದರೆ ಹತ್ತು. ಅವಳು ಬರೆದ ವಾಕ್ಯಗಳ ಪಟ್ಟಿ ಚೀಲದಲ್ಲೇ ಇತ್ತು. ಆದರೆ ಧ್ವನಿ ಸುರಕ್ಷಿತವಾಗಿದೆ ಎಂದುಕೊಂಡವಳು ಮಾತನ್ನೇ ಕಡಿಮೆ ಮಾಡಿಬಿಟ್ಟಳು. ಪಕ್ಕದ ಹಾಸಿಗೆಯ ಹೆಂಗಸು, "ಮಾತಾಡಮ್ಮ, ಇನ್ನೆರಡು ದಿನ ತಾನೆ," ಎಂದರೆ ಇವಳು ಕೈಸನ್ನೆ ಮಾಡಿ, "ನೋಯುತ್ತೆ. ಆಡೋದೆಲ್ಲ ಆಡಿ ಇಟ್ಟಿದ್ದೀನಿ," ಎಂದಳು.

ಎರಡನೇ ದಿನ ಮಧ್ಯಾಹ್ನ ನಾನು ತಡೆಯಲಾರದೆ ಫೋನಿನಲ್ಲಿ ಧ್ವನಿ ಹಿಡಿಯುವುದನ್ನು ಒತ್ತಿ ಸೆರಗಿನ ಮರೆಯಲ್ಲಿ ಹಿಡಿದುಕೊಂಡೆ.

"ಏನಾದ್ರೂ ಹೇಳೆ."

ಅವಳು ತಲೆ ಅಲ್ಲಾಡಿಸಿದಳು.

"ಏನಾದ್ರೂ. ಸುಮ್ನೆ."

ಅವಳು ನಕ್ಕು ಗಂಟಲು ಮುಟ್ಟಿ ತೋರಿಸಿ, ನನ್ನ ಕೈ ಮೇಲೆ ಬೆರಳಿನಿಂದ ಬರೆದಳು: ೪೧೧. ಆಮೇಲೆ ಕಿವಿ ಮುಟ್ಟಿಕೊಂಡಳು. ಅಷ್ಟಿದೆಯಲ್ಲ, ಬೇಕಾದಾಗ ಕೇಳಿಕೋ ಎಂದು. ಆ ಹಿಡಿದದ್ದು ಈಗಲೂ ಫೋನಿನಲ್ಲಿದೆ. ಅದರಲ್ಲಿ ಬೇಡುವ ನನ್ನ ಧ್ವನಿ ಇದೆ, ಫ್ಯಾನಿನ ಸದ್ದಿದೆ.

ಮಾರನೇ ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು.

ಆಮೇಲಿನದನ್ನು ಬೇಗ ಹೇಳುತ್ತೇನೆ. ಮೂರು ವಾರದ ಮೇಲೆ ಸಾಗರಕ್ಕೆ ಬಂದೆವು. ಕುತ್ತಿಗೆಯಲ್ಲಿ ಉಸಿರಾಡಲು ಮಾಡಿದ ತೂತು, ಅದರ ಮೇಲೆ ತೆಳುವಾದ ಬಿಳಿ ಬಟ್ಟೆ. ಹೇಳಬೇಕಾದದ್ದನ್ನು ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದಳು. ತೀರ್ಥಹಳ್ಳಿಯವರು ನನಗೆ ಎರಡು ಸಲ ಫೋನ್ ಮಾಡಿದರು. ಬರುತ್ತೇನೆ, ಬರುತ್ತೇನೆ ಎಂದೆ. ಮೂರನೇ ಸಲ ಅವಳೇ ಬರೆದು ಕೇಳಿದಳು: "ಧ್ವನಿ ಏನಾಯ್ತು?" ನಾನು ಒಲೆಯ ಕಡೆ ತಿರುಗಿಕೊಂಡು, ಪೆನ್‌ಡ್ರೈವ್ ಕೆಟ್ಟಿತ್ತಂತೆ, ಲ್ಯಾಪ್‌ಟಾಪಿನಲ್ಲಿದ್ದದ್ದು ಗುಡುಗು ಸಿಡಿಲಿನ ದಿನ ಹೋಗಿದೆ, ಕೇರಿಯಲ್ಲಿ ಎಲ್ಲರ ಟಿವಿಯೂ ಹೋಯಿತಲ್ಲ ಎಂದೆ. ಮಾತು ಬರುವವಳು ಎಷ್ಟು ಸಲೀಸಾಗಿ ಸುಳ್ಳು ಹೇಳಬಹುದು. ಅವಳು ಪುಸ್ತಕ ಮುಚ್ಚಿ ಗೋಡೆ ನೋಡುತ್ತಾ ಮಲಗಿದಳು.

ಒಂದು ಹದಿನೈದು ದಿನ ಕಳೆದಿರಬೇಕು. ಮಂಡಿಗೆ ರಜೆ ಇದ್ದ ದಿನ, ಅವಳು ಮದ್ದಿನ ಅಂಗಡಿಗೆ ಹೋಗಿದ್ದಾಗ ನಾನು ಲ್ಯಾಪ್‌ಟಾಪ್ ತೆರೆದೆ. ಏನೋ ಉಳಿದಿರಬಹುದೆಂಬ ಹುಚ್ಚು ಆಸೆ. ಕಪ್ಪು ಪರದೆ ಬಂತು. ಕೈ ತಾನಾಗಿ ಮೇಲಿನ ಬಾಣ ಒತ್ತಿತು. ನಾನು ಕೊನೆಗೆ ಹೊಡೆದ ಸಾಲು ಬರಬೇಕಿತ್ತು. ಬಂದದ್ದು ನಾನು ಕಲಿಯದೇ ಇದ್ದ ಒಂದು ಶಬ್ದ: ಹಿಸ್ಟರಿ. ಎಂಟರ್ ಒತ್ತಿದೆ.

ಆವತ್ತು ನಾನು ಹೊಡೆದದ್ದೆಲ್ಲ ಮೇಲಿನಿಂದ ಕೆಳಗೆ ಇಳಿಯಿತು. ಪ್ರತಿ ಸಾಲಿಗೆ ಎಡಗಡೆ ಒಂದು ನಂಬರು. ಎಂವಿ, ಎಂವಿ, ಎಂವಿ. ಪರದೆ ತುಂಬಿ ಹರಿದುಹೋಯಿತು. ಯಂತ್ರ ನನ್ನನ್ನು ಬಯ್ಯದೆ ಸುಮ್ಮನೆ ಬರೆದಿಟ್ಟುಕೊಂಡಿತ್ತು. ಅವಳು ನಾನಿಲ್ಲದಾಗ ಕೂತು ಇದನ್ನು ಓದಿದ್ದಾಳೆ. ಸಿಡಿಲು ಬಡಿದದ್ದಲ್ಲ ಎಂದು ಅವಳಿಗೆ ಗೊತ್ತು. ಗೊತ್ತಿದ್ದೂ ಆವತ್ತಿನಿಂದ ನನಗೆ ಅನ್ನ ಬಡಿಸಿದ್ದಾಳೆ, ನನ್ನ ಸೀರೆ ಮಡಚಿಟ್ಟಿದ್ದಾಳೆ, ಬೆನ್ನುನೋವಿಗೆ ಎಣ್ಣೆ ಹಚ್ಚಿದ್ದಾಳೆ.

ಆ ಪಟ್ಟಿಯಲ್ಲಿ ಒಂದು ಮಾತ್ರ ಇರಲಿಲ್ಲ. ತೀರ್ಥಹಳ್ಳಿಯಲ್ಲಿ ನನಗೆ ಗೊತ್ತಾದದ್ದು, ಆಪರೇಷನ್ನಿಗೆ ಇನ್ನೂ ಎರಡು ದಿನ ಇದ್ದದ್ದು ಇರಲಿಲ್ಲ. ಅವಳು ಕ್ಷಮಿಸಿದ್ದು ಅಕ್ಕನ ದಡ್ಡತನವನ್ನು. ಅದನ್ನು ಬೇಕಾದಷ್ಟು ಸಲ ಕ್ಷಮಿಸಿ ಅಭ್ಯಾಸವಿತ್ತು ಅವಳಿಗೆ.

ಆ ಹೊತ್ತಿಗೆ ಅವಳು ಫೋನಿನಲ್ಲಿ ಹೊಸದೊಂದು ಹಾಕಿಕೊಂಡಿದ್ದಳು. ಕನ್ನಡದಲ್ಲಿ ಬರೆದರೆ ಯಾವುದೋ ಹೆಂಗಸಿನ ಧ್ವನಿ ಓದುತ್ತದೆ. ಸ್ವಚ್ಛವಾದ, ಊರಿಲ್ಲದ ಧ್ವನಿ. ಮೊದಲ ಸಲ ಹಾಲಿನ ಅಂಗಡಿಯಲ್ಲಿ ಅದು "ಅರ್ಧ ಲೀಟರ್ ಹಾಲು ಕೊಡಿ" ಎಂದಾಗ ಸಾಲಿನಲ್ಲಿದ್ದ ಯಾರೋ ಕಿಸಕ್ಕೆಂದರು. ಅವಳು ತಿರುಗಿ ನೋಡಿ, ಸಾವಧಾನವಾಗಿ ಇನ್ನೊಂದು ಸಾಲು ಬರೆದಳು. "ನಿಮ್ಮ ಮನೆಯಲ್ಲಿ ಹಾಲು ತಾನಾಗಿ ಬರುತ್ತದೆಯೇ" ಎಂದಿತು ಫೋನು, ವಾರ್ತೆ ಓದಿದ ಹಾಗೆ. ಬೈಗುಳಕ್ಕೆ ಬಿಸಿಯೇ ಇರಲಿಲ್ಲ. ನಾನು ಹಾಲು ತೆಗೆದುಕೊಳ್ಳದೆ ಹೊರಗೆ ಬಂದು ನಿಂತೆ.

ಒಂದು ಭಾನುವಾರ ಹನ್ನೊಂದು ಗಂಟೆಯ ಹೊತ್ತಿಗೆ ಇಬ್ಬರೂ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದೆವು. ನಾನು ಎಲ್ಲ ಹೇಳಿದೆ. ಹಾಳೆಯ ಮೇಲೆ ಲೋಟ ಇಟ್ಟದ್ದರಿಂದ ಶುರುಮಾಡಿ, ಬಿಳಿ ಬಣ್ಣ ನೋಡಿಯೂ ನಿಲ್ಲಿಸದೆ ಇದ್ದದ್ದು, ತೀರ್ಥಹಳ್ಳಿಯ ಅಂಗಡಿ, ಬಸ್ಸು, 'ಬಂತಂತೆ' ಎಂದದ್ದು. ಅವಳ ಕೈ ಸೊಪ್ಪಿನ ಮೇಲೆ ನಿಂತಿತು. ಕೈ ಒರೆಸಿಕೊಂಡು ಫೋನ್ ತೆಗೆದಳು.

"ಆಪರೇಷನ್ನಿಗೆ ಮೊದಲೇ ಗೊತ್ತಿತ್ತು" ಎಂದಿತು ಆ ಹೆಂಗಸಿನ ಧ್ವನಿ. ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ.

"ಗೊತ್ತಿತ್ತು."

"ಎರಡು ದಿನ."

"ಎರಡು ದಿನ."

ಅವಳು ಮತ್ತೆ ಬರೆಯತೊಡಗಿದಳು. ಈ ಸಲ ಬೇಗ ನಿಲ್ಲಲಿಲ್ಲ. ಎರಡೂ ಹೆಬ್ಬೆರಳು ಓಡುತ್ತಿದ್ದವು, ಕುತ್ತಿಗೆಯ ಬಟ್ಟೆ ಮೇಲೆ ಕೆಳಗೆ ಆಗುತ್ತಿತ್ತು, ಅದರೊಳಗಿಂದ ಉಸಿರು ಸಿಳ್ಳೆಯ ಹಾಗೆ ಕೇಳುತ್ತಿತ್ತು. ಐದು ನಿಮಿಷ ಆಗಿರಬಹುದು, ಹೆಚ್ಚೂ ಇರಬಹುದು. ಏನು ಬಂದರೂ ಕೇಳುತ್ತೇನೆ ಎಂದು ಕೂತಿದ್ದೆ. ಕೊನೆಗೆ ಅವಳು ನಿಲ್ಲಿಸಿ, ಬರೆದದ್ದನ್ನು ಮೇಲಿನಿಂದ ಕೆಳಗೆ ಓದಿಕೊಂಡಳು. ಆಮೇಲೆ ಅಳಿಸುವ ಕೀಲಿಯ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದಳು. ಕೆಳಗಿನಿಂದ ಮೇಲಕ್ಕೆ ಎಲ್ಲ ಹೋಗುವವರೆಗೂ ಬಿಡಲಿಲ್ಲ. ಫೋನನ್ನು ಬೋರಲಾಗಿಟ್ಟು ಬಸಳೆ ದಂಟು ಕೈಗೆ ತೆಗೆದುಕೊಂಡಳು.

"ಬಯ್ಯೆ," ಎಂದೆ. "ಬರ್ದಿದ್ದನ್ನ ಹೇಳು. ಏನಿದ್ರೂ ಹೇಳೆ ಮಾರಾಯ್ತಿ."

ಅವಳು ದಂಟು ಮುರಿಯುತ್ತಾ ಹೋದಳು.

ಆ ತಿಂಗಳ ಕೊನೆಗೆ ಹೊಸನಗರದಲ್ಲಿ ಕೇಂದ್ರದ ಹತ್ತಿರ ಒಂದು ಕೋಣೆ ಮಾಡಿಕೊಂಡಳು. ಬಸ್ಸಿನ ಧೂಳು ಗಂಟಲಿನ ತೂತಿಗೆ ಆಗುವುದಿಲ್ಲ ಎಂದು ಚಿಕ್ಕಮ್ಮನಿಗೆ ಬರೆದು ತೋರಿಸಿದಳಂತೆ. ಅದು ನಿಜವೂ ಹೌದು. ಈಗ ಮತ್ತೆ ಪಾಠ ಮಾಡುತ್ತಾಳೆ. ಶೆಲ್ ಕಲಿಸುವುದಕ್ಕೆ ಮಾತು ಅಷ್ಟು ಬೇಕಾಗುವುದಿಲ್ಲ. ಸಾಲನ್ನು ಬೋರ್ಡಿನ ಮೇಲೆ ಬರೆಯುತ್ತಾಳೆ, ಹುಡುಗಿಯರು ಹೊಡೆಯುತ್ತಾರೆ, ತಪ್ಪಿದ ಕಡೆ ಬೆರಳು ಇಡುತ್ತಾಳೆ. ಮಿಕ್ಕದ್ದಕ್ಕೆ ಫೋನಿದೆ.

ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಗಿನ ಬಸ್ಸಿಗೆ ಸಾಗರಕ್ಕೆ ಬರುತ್ತಾಳೆ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ ಹತ್ತಿರ, ಟೈಲರ್ ಅಂಗಡಿಯಲ್ಲಿ, ಪಕ್ಕದ ಮನೆಯಲ್ಲಿ ಫೋನ್ ಹಿಡಿದು ಮಾತಾಡಿಸುತ್ತಾಳೆ. ಆ ಊರಿಲ್ಲದ ಹೆಂಗಸು ಎಲ್ಲರನ್ನೂ ಚೆನ್ನಾಗಿದ್ದೀರಾ ಎಂದು ಕೇಳುತ್ತಾಳೆ, ನನಗೆ ಒಳಗೆ ಕೇಳಿಸುತ್ತದೆ. ಆಮೇಲೆ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದು ಚೀಲವನ್ನು ಗೂಟಕ್ಕೆ ಸಿಕ್ಕಿಸುತ್ತಾಳೆ. ಫೋನ್ ಚೀಲದಲ್ಲೇ ಇರುತ್ತದೆ. ತಟ್ಟೆ ಮುಂದೆ ಕೈ ಅಡ್ಡ ಹಿಡಿದರೆ ಸಾಕು ಎಂದು ಅರ್ಥ, ಲೋಟ ತೋರಿಸಿದರೆ ನೀರು. ಸಂಜೆ ಹೊರಡುವವರೆಗೆ ಅದನ್ನು ಹೊರಗೆ ತೆಗೆಯುವುದಿಲ್ಲ.